ಹನುಮಪ್ಪನ ಗುಡಿ ದಾಟಿ ಎಡಕ್ಕೆ

ಜಗತ್ತಿನ ಮೂಲನಿವಾಸಿಗಳ ಬಗ್ಗೆ ನಾನು ಕಲಿತದ್ದೆಲ್ಲ ಅರ್ಧ. ಇದು ವಿನಯದಿಂದ ಹೇಳುವ ಮಾತಲ್ಲ, ಅಳತೆಪಟ್ಟಿ ಇಟ್ಟು ನೋಡಿದರೂ ಅರ್ಧವೇ. ನಮ್ಮ ಹೈಸ್ಕೂಲಿನ ಸಮಾಜ ಮಾಸ್ತರರಿಗೆ ದೂರದ ದೇಶವೊಂದರಿಂದ ಕನ್ನಡದಲ್ಲೇ ಅಚ್ಚಾದ ಮಾಸಿಕವೊಂದು ಅಂಚೆಯಲ್ಲಿ ಬರುತ್ತಿತ್ತು. ಅವರು ಓದಿ ಮುಗಿಸಿ, ಹಾಳೆ ಬಿಚ್ಚಿ, ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳಿರೆಂದು ನಮಗೆ ಹಂಚುತ್ತಿದ್ದರು. ನುಣುಪು ಕಾಗದ, ಬಣ್ಣದ ಚಿತ್ರ. ಉಳಿದ ಹುಡುಗಿಯರಿಗೆ ಕಾರ್ಖಾನೆ, ಟ್ರ್ಯಾಕ್ಟರು, ತುದಿಗಾಲಲ್ಲಿ ಕುಣಿಯುವ ಹೆಂಗಸರು ಸಿಕ್ಕರೆ ನನ್ನ ಪಾಲಿಗೆ ಮಾತ್ರ ಯಾವಾಗಲೂ ಹಿಮದ ನಾಡಿನ ಜನ ಬರುತ್ತಿದ್ದರು. ತುಪ್ಪಳದ ಟೊಪ್ಪಿಗೆ ಹಾಕಿಕೊಂಡು ಹಿಮಸಾರಂಗ ಕಾಯುವವರು, ಚರ್ಮದ ಡೇರೆಯ ಬಾಗಿಲಲ್ಲಿ ಕೂತು ದೂರ ನೋಡುವ ಮುದುಕಿಯರು. ತೊಂದರೆ ಏನೆಂದರೆ ರಟ್ಟು ಹಾಕುವಾಗ ಹಾಳೆಯ ಅರ್ಧ ಒಳಗೆ ಮಡಚಿ ಹೋಗುತ್ತದೆ. ಅವರು ಪ್ರತಿ ವಸಂತಕ್ಕೆ ತಮ್ಮ ಹಿರಿಯರು ನಡೆದ ದಾರಿ ಹಿಡಿದು ಸಮುದ್ರದ ಕಡೆಗೆ ಹೊರಡುತ್ತಾರೆ ಎನ್ನುವಲ್ಲಿಗೆ ಗಣಿತದ ಪುಸ್ತಕದ ಅಂಚು ಬಂದುಬಿಡುತ್ತಿತ್ತು. ಹೊರಟು ಎಲ್ಲಿಗೆ ಮುಟ್ಟುತ್ತಾರೆ ಎಂದು ನೋಡಲು ಬಿಚ್ಚಿದರೆ ರಟ್ಟು ಹರಿಯುತ್ತದೆ, ಹರಿದರೆ ಅವ್ವ ಬೈಯುತ್ತಾಳೆ. ಹೀಗಾಗಿ ಮೆಟ್ರಿಕ್ ಮುಗಿಯುವ ತನಕ ನನ್ನ ಮಟ್ಟಿಗೆ ಅವರು ಹೊರಟೇ ಇದ್ದರು.

ಆಮೇಲೆ ಬಿ.ಎ. ಓದಲು ಹುಬ್ಬಳ್ಳಿಗೆ ಹೋದೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ನವಲಗುಂದ ತಾಲೂಕಿನದು, ಯಮನೂರಿನ ಬಾಜು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಕಾಲೇಜಿನ ಸಮಾಜಶಾಸ್ತ್ರದ ಪಾಠದಲ್ಲಿ ನನ್ನ ಹಳೆಯ ರಟ್ಟಿನ ಜನರೂ ಅವರ ಬಳಗದವರೂ ಒಬ್ಬೊಬ್ಬರಾಗಿ ಹೆಸರು ಹಿಡಿದು ಬಂದರು. ನ್ಯೂಜಿಲೆಂಡಿನ ಮಾವೊರಿ ಜನ ಗುರುತು ಹೇಳಿಕೊಳ್ಳುವಾಗ ಮೊದಲು ತಮ್ಮ ಗುಡ್ಡದ ಹೆಸರು, ಹೊಳೆಯ ಹೆಸರು ಹೇಳುತ್ತಾರಂತೆ, ತಮ್ಮ ಹೆಸರು ಕಡೆಗಂತೆ. ಆಸ್ಟ್ರೇಲಿಯಾದ ಮೂಲದವರಿಗೆ ಒಂದೊಂದು ಬಂಡೆಯೂ ನೀರಿನ ಹೊಂಡವೂ ಹಿರಿಯರ ಕತೆಯಂತೆ. ಅಮೆರಿಕದಲ್ಲಿ ಎಷ್ಟೋ ಜನಾಂಗಗಳನ್ನು ಅವರ ನೆಲದಿಂದ ಎಬ್ಬಿಸಿ ಕಂಡರಿಯದ ಸೀಮೆಗೆ ನಡೆಸಿಕೊಂಡು ಹೋದರಂತೆ. ಇದನ್ನೆಲ್ಲ ಕೇಳಿ ನನ್ನ ತಲೆ ನಿಂತಲ್ಲಿ ನಿಲ್ಲದಾಯಿತು. ಗೆಳತಿಯರು ಸಿನೆಮಾ ನಟರ ಫೋಟೊ ಕೂಡಿಡುವ ವಯಸ್ಸಿನಲ್ಲಿ ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಜಗತ್ತಿನ ಅನ್ಯಾಯಕ್ಕೆ ಕಣ್ಣೀರು ಹಾಕುತ್ತಿದ್ದೆ. ಒಂದು ದಿನ ಕಂಡಕ್ಟರ್, “ಯಾಕವಾ ತಂಗಿ, ಪರೀಕ್ಷಾ ಪೇಪರ ಭಾಳ ಕಠಿಣ ಇತ್ತೇನು?” ಎಂದು ಕೇಳಿದ.

ಅತ್ತು ಮುಗಿಸಿ ಮನೆಗೆ ಬಂದ ಮೇಲೆ ಭಾಷಣ ಶುರುವಾಗುತ್ತಿತ್ತು. ಅಪ್ಪ ಹತ್ತಿ, ಕಡಲೆ ಬೆಳೆಯುವ ಮನುಷ್ಯ. ಊರಲ್ಲಿ ನಾಲ್ಕು ಮಂದಿ ಸಾವುಕಾರ್ರೇ ಎಂದು ಕರೆಯುತ್ತಿದ್ದರು. ನಾನು ಅಂಗಳಕ್ಕೆ ಕಾಲಿಟ್ಟ ಕೂಡಲೇ, “ಬಂತ ನೋಡ್ರಿ ನಮ್ಮ ಎಸ್ಕಿಮೊ” ಎಂದು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದ. ಅವ್ವ ಎಮ್ಮೆ ಹಿಂಡುವ ನೆಪದಲ್ಲಿ ಹಿತ್ತಿಲು ಸೇರುತ್ತಿದ್ದಳು. ಉಳಿಯುತ್ತಿದ್ದವಳು ಆಯಿ, ಅಪ್ಪನ ತಾಯಿ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಹೆಂಚಿನ ಮೇಲೆ ರೊಟ್ಟಿ ಇರುವಾಗ ಎದ್ದು ಓಡಲು ಬರುವುದಿಲ್ಲ. ನನ್ನ ಇಡೀ ಪಾಂಡಿತ್ಯ ಆ ಒಂದು ಅನುಕೂಲದ ಮೇಲೆ ನಿಂತಿತ್ತು.

“ಆಯಿ, ಮಾವೊರಿ ಮಂದಿ ಕೂಸು ಹುಟ್ಟಿದ ಮ್ಯಾಲೆ ಅದರ ಹಿಂದ ಬೀಳೋ ಮಾಸು ಒಯ್ದು ತಮ್ಮ ಹಿರ್ಯಾರ ನೆಲದಾಗ ಹುಗೀತಾರಂತ,” ಎಂದೆ ಒಂದು ಸಂಜೆ, ದೊಡ್ಡ ರಹಸ್ಯ ಒಡೆಯುವವಳ ಧಾಟಿಯಲ್ಲಿ.

“ಮತ್ತೇನ ಮಾಡಬೇಕು, ತೊಲಿಗೆ ಕಟ್ಟಬೇಕೇನು?” ಎಂದಳು ಆಯಿ. ರೊಟ್ಟಿ ಮಗುಚಿ ಹಾಕಿ, “ನಿಮ್ಮಪ್ಪ ನನ್ನ ತವರಮನ್ಯಾಗ ಹುಟ್ಟಿದಾಂವ. ಅವಂದು ನಮ್ಮವ್ವ ತನ್ನ ಕೈಲೆ ಬಚ್ಚಲ ಬಾಜೂಕ ಹುಗದಾಳ,” ಎಂದಳು.

“ಆ ಬಚ್ಚಲ ಈಗ ಎಲ್ಲೈತಿ?”

“ನೀರಾಗ.”

ಆಯಿಯ ತವರು ಮಲಪ್ರಭಾ ಹೊಳೆಯ ದಂಡೆಯ ಮೇಲೆ ಇತ್ತು. ಸವದತ್ತಿ ಕಡೆ ಡ್ಯಾಮ್ ಕಟ್ಟಿದಾಗ ಹಿನ್ನೀರಲ್ಲಿ ಮುಳುಗಿತು. ನಾನಾಗ ಸಣ್ಣಾಕಿ. ಅವಳ ಒಬ್ಬನೇ ಅಣ್ಣ ನೀರು ಬಂದ ವರ್ಷವೇ ತೀರಿಕೊಂಡ, ಅವನ ಮಕ್ಕಳು ದಾಂಡೇಲಿ ಕಡೆ ಕೆಲಸ ಹುಡುಕಿಕೊಂಡು ಹೋದವರು ಹೋದರು. ಉಳಿದ ಜನಕ್ಕೆ ಸರಕಾರ ಎಲ್ಲೋ ನವಗ್ರಾಮ ಕಟ್ಟಿಕೊಟ್ಟಿತೆಂದು ಕೇಳಿದ್ದೆವು. ಇದೆಲ್ಲ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಗೊತ್ತಿದ್ದೂ ಯಾರೂ ಎತ್ತದ ಮಾತೆಂದರೆ ಪಂಚಮಿಯದು.

ನಮ್ಮ ಕಡೆ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಮೊಮ್ಮಕ್ಕಳನ್ನು ಕಂಡ ಮುದುಕಿಯರೂ ಹೋಗುತ್ತಾರೆ. ಆದರೆ ತಾನಾಗಿ ಎದ್ದು ಹೋಗುವ ಹಾಗಿಲ್ಲ. ತವರಿನಿಂದ ಅಣ್ಣನೋ ತಮ್ಮನೋ, ಅಂತೂ ಯಾರಾದರೂ ಕರೆಯಲು ಬರಬೇಕು. ನೀರು ಬಂದ ಮೇಲೆ ಆಯಿಯನ್ನು ಕರೆಯಲು ಒಬ್ಬರೂ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಟ್ರಂಕು ಹೊಂದಿಸಿಕೊಳ್ಳುವ ಆ ವಾರ ಅವಳು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಎಳೆದು ನೀರಿಗೆ ಹಾಕುತ್ತಿದ್ದಳು. ಯಾರಾದರೂ ಕೇಳಿದರೆ, “ನನಗೆಲ್ಲಿ ಪುರಸೊತ್ತೈತ್ರೀ, ರಾಶಿ ಕೌದಿ ಬಿದ್ದಾವು,” ಎನ್ನುತ್ತಿದ್ದಳು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಕೌದಿ ಒಣಗುತ್ತವೆಯೇ? ಹಬ್ಬ ಮುಗಿದು ವಾರವಾದರೂ ಮನೆಮಂದಿಯೆಲ್ಲ ಮುಗ್ಗಲು ವಾಸನೆಯ ಕೌದಿ ಹೊದ್ದು ಮಲಗುತ್ತಿದ್ದೆವು. ಯಾರೂ ತಕರಾರು ಮಾಡುತ್ತಿರಲಿಲ್ಲ. ನನಗಂತೂ ಆ ವಾರ ಆಯಿಯ ಮುಖ ನೋಡಲಿಕ್ಕೇ ಆಗುತ್ತಿರಲಿಲ್ಲ.

ಆ ಸಂಜೆ ಬಚ್ಚಲು ನೀರಲ್ಲಿದೆ ಎಂದು ಅವಳು ಅಂದಾಗ ಮಾತ್ರ ನನಗೆ ಸಂಕಟವಾಗಲಿಲ್ಲ. ಹೇಳಲು ನಾಚಿಕೆ, ಖುಷಿಯಾಯಿತು. ಹಿರಿಯರ ನೆಲ ಕಳೆದುಕೊಂಡವರನ್ನು ಸಮುದ್ರದಾಚೆ ಹುಡುಕುತ್ತಿದ್ದವಳಿಗೆ ಒಲೆಯ ಮುಂದೆಯೇ ಒಬ್ಬಳು ಸಿಕ್ಕಿದ್ದಳು, ಅದೂ ಸ್ವಂತದವಳು. ಜೊತೆಗೆ ಮಾಸಿನ ಲೆಕ್ಕದಲ್ಲಿ ಅಪ್ಪನೂ ಅರ್ಧ ಮುಳುಗಡೆಯವನೇ ಆದ. ಕಾಲೇಜಿನಲ್ಲಿ ಯಾವ ಹುಡುಗಿಗೆ ಇಂಥ ಮನೆತನವಿತ್ತು?

“ಆಯಿ, ನೀ ಮೂಲನಿವಾಸಿ,” ಎಂದು ಸಾರಿದೆ.

“ಯಾರಿಗೆ ಬೈಯಾಕ ಹತ್ತೀಬೇ?” ಎಂದಳು ಆಯಿ.

ನನ್ನ ಪೇಚೆಂದರೆ ಅವಳು ರಟ್ಟಿನ ಚಿತ್ರದ ಮುದುಕಿಯರ ಹಾಗೆ ಇರಲಿಲ್ಲ. ಅವರು ಬಡಕಲು, ಗಂಭೀರ, ದಿಗಂತ ನೋಡುವವರು. ಆಯಿ ಗುಂಡಗೆ, ಗಿಡ್ಡಗೆ, ತಂಬಾಕಿನ ಹಲ್ಲು ತೋರಿಸಿ ನಗುವವಳು. ದೂರ ನೋಡೆಂದರೆ ಎಮ್ಮೆ ಬಂತೇನು ಎಂದು ನೋಡುವವಳು. ನೆಲ ಕಳೆದುಕೊಂಡವಳು ಒಮ್ಮೆಯಾದರೂ ಆ ನೆಲದ ಮೇಲೆ ನಿಂತು ಅಳಬೇಕು, ಅದಕ್ಕೆ ನಾನೇ ವ್ಯವಸ್ಥೆ ಮಾಡಬೇಕು ಎಂದು ತೀರ್ಮಾನಿಸಿದೆ.

ಆ ಬೇಸಿಗೆಯಲ್ಲಿ ಅವಕಾಶ ತಾನಾಗಿ ಬಂತು. ಡ್ಯಾಮಿನ ನೀರು ಬಹಳ ಹಿಂದಕ್ಕೆ ಸರಿದು ಹಳೆಯ ಊರುಗಳು ಬಯಲಿಗೆ ಬಿದ್ದಿವೆ ಎಂದು ಸುದ್ದಿ ಹಬ್ಬಿತು. ಊಟಕ್ಕೆ ಕೂತಾಗ ನಾನು ವಿಷಯ ತೆಗೆದೆ. ಅಪ್ಪ, “ರಾಡಿ ನೋಡಾಕ ಅಲ್ಲಿ ತನಕ ಹೋಗಬೇಕೇನು?” ಎಂದ. ಆಯಿಯೂ, “ಅಲ್ಲೇನೈತಿ ಬಿಡು,” ಎಂದಳು. ಆಮೇಲೆ ಕೈ ತೊಳೆಯುತ್ತ ತನಗೆ ತಾನೇ ಎಂಬಂತೆ, “ನಮ್ಮವ್ವನ ಒಳ್ಳು ಇರಬೇಕು ನೋಡು ಅಲ್ಲೆ,” ಎಂದಳು.

ಒಳ್ಳು ಎಂದರೆ ಕುಟ್ಟುವ ಕಲ್ಲು. ಅದನ್ನು ಪಡಸಾಲೆಯ ನೆಲದಲ್ಲಿ ಕೊರಳತನಕ ಹುಗಿದು ಕೂಡಿಸಿರುತ್ತಾರೆ, ಮೇಲೆ ಬಾಯಿ ಮಾತ್ರ ಕಾಣುತ್ತದೆ. ಊರು ಬಿಡುವಾಗ ಜನ ಬಾಗಿಲು, ತೊಲೆ, ಬೀಸುಕಲ್ಲು ಎಲ್ಲ ಬಂಡಿಯಲ್ಲಿ ಹೇರಿಕೊಂಡು ಹೋದರೂ ಹುಗಿದ ಒಳ್ಳುಗಳನ್ನು ಅಲ್ಲೇ ಬಿಟ್ಟಿದ್ದರು.

“ಅದೊಂದು ಬಂದ್ರ ಸಾಕಿತ್ತು,” ಎಂದಳು ಆಯಿ. “ಪಂಚಮ್ಯಾಗ ನಮ್ಮವ್ವನ ಒಳ್ಳಿನಾಗ ಎಳ್ಳ ಕುಟ್ಟಿಕೋತ ಕುಂದರ್ತಿದ್ನಿ. ಕರಿಯಾಕ ಬರೋರ ದಾರಿ ನೋಡೂದು ತಪ್ಪತಿತ್ತು.”

ಅವಳು ಆ ಮಾತನ್ನು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಪ್ಪ ತಾಟಿನಲ್ಲಿ ಉಳಿದ ಅನ್ನವನ್ನು ಸುಮ್ಮನೆ ಕಲಸುತ್ತ ಕೂತ. “ನಾಳೆ ಟ್ರ್ಯಾಕ್ಟರ್ ಖಾಲಿನ ಐತಿ. ಹೋಗೂಣು,” ಎಂದ.

ಮರುದಿನ ನಸುಕಿನಲ್ಲೇ ಹೊರಟೆವು. ಎಂಜಿನ್ ಮೇಲೆ ಡ್ರೈವರ್, ಹಿಂದಿನ ಡಬ್ಬಿಯಲ್ಲಿ ಹುಲ್ಲು ಹಾಸಿಕೊಂಡು ಅಪ್ಪ, ಆಯಿ, ನಾನು, ಎರಡು ಹಾರೆ, ಒಂದು ಬುಟ್ಟಿ ರೊಟ್ಟಿ. ಆಯಿ ಇಳಕಲ್ಲ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ನಾನು ಮಾತಾಡಿದೆ. ಟ್ರ್ಯಾಕ್ಟರಿನ ಸಪ್ಪಳದಲ್ಲಿ ಯಾರಿಗೂ ಏನೂ ಕೇಳಲಿಲ್ಲ ಎಂದು ಆಮೇಲೆ ತಿಳಿಯಿತು.

ಊರಿದ್ದ ಜಾಗದಲ್ಲಿ ಊರಿನ ಗುರುತೇ ಇರಲಿಲ್ಲ. ಮಣ್ಣಿನ ಗೋಡೆಗಳು ಕರಗಿ ನೆಲಸಮವಾಗಿದ್ದವು. ಒಡೆದ ರಾಡಿ, ಅಲ್ಲಲ್ಲಿ ಪಾಯದ ಕಲ್ಲು, ನಡುವೆ ಹನುಮಪ್ಪನ ಗುಡಿಯ ಕಟ್ಟೆ. ಆಚೆ ತಗ್ಗಿನಲ್ಲಿ ಉಳಿದ ನೀರು. ಆಯಿ ಡಬ್ಬಿಯಿಂದ ಇಳಿದವಳು ಬೇವಿನ ಗಿಡ ಎಲ್ಲಿ ಎಂದು ಕೇಳಿದಳು. ಗಿಡ ಇರಲಿಲ್ಲ. ಬಾವಿ ಎಲ್ಲಿ ಎಂದಳು. ಬಾವಿಯೂ ಹೂತುಹೋಗಿತ್ತು. ಆಮೇಲೆ ಅವಳು ಸೆರಗು ಬಾಯಿಗೆ ಹಿಡಿದು ನಿಂತುಬಿಟ್ಟಳು, ಒಂದು ಹೆಜ್ಜೆ ಮುಂದಿಡಲಿಲ್ಲ. ಆಗ ಮುಂದಾಳತ್ವ ನಾನು ವಹಿಸಿಕೊಂಡೆ.

ಮನೆಯ ದಾರಿ ನನಗೆ ಬಾಯಿಪಾಠವಿತ್ತು. ತವರಿನ ಕತೆ ಹೇಳುವಾಗೆಲ್ಲ ಆಯಿ, ಹನುಮಪ್ಪನ ಗುಡಿ ದಾಟಿ ಎಡಕ್ಕ, ಎರಡನೇ ಮನಿ, ಎನ್ನುತ್ತಿದ್ದಳು. ನಾನು ಟ್ರ್ಯಾಕ್ಟರ್ ನಿಲ್ಲಿಸಿದ ಕಡೆಯಿಂದ ಸೆಟೆದು ನಡೆದು, ಗುಡಿಯ ಕಟ್ಟೆ ದಾಟಿ, ಎಡಕ್ಕೆ ತಿರುಗಿ, ಎರಡನೆಯ ಪಾಯದ ಮೇಲೆ ನಿಂತು, “ಇದ!” ಎಂದು ಕೂಗಿದೆ.

ಆಯಿ ಮೆಲ್ಲಗೆ ಬಂದು ಹೊಸ್ತಿಲ ಕಲ್ಲು ನೋಡಿದಳು. “ನಮ್ಮ ಮನಿ ಬಾಗಲಾ ಮೂಡಲಕ್ಕಿತ್ತವಾ,” ಎಂದಳು. “ಇದು ಪಡುವಲಕ್ಕೈತಲ್ಲ.”

“ಹಂಗ ಅನಸ್ತೈತಿ ಆಯಿ. ನೆಲಾ ಬಿಟ್ಟ ಮಂದಿಗೆ ದಿಕ್ಕು ತಪ್ಪತಾವು. ಜಗತ್ತಿನಾಗ ಎಲ್ಲಾರಿಗೂ ಹಂಗ ಆಗೈತಿ. ಪುಸ್ತಕದಾಗ ಬರದಾರ.”

ಯಾವ ಪುಸ್ತಕದಲ್ಲೂ ಹಾಗೆ ಬರೆದಿರಲಿಲ್ಲ. ಬರೆದಿದ್ದರೂ ಅದು ಮಡಚಿದ ಅರ್ಧದಲ್ಲಿ ಇದ್ದಿರಬೇಕು, ನಾನಂತೂ ಓದಿರಲಿಲ್ಲ. ಆದರೆ ಪುಸ್ತಕ ಎಂದ ಕೂಡಲೇ ಆಯಿ ಸುಮ್ಮನಾದಳು. ಡ್ರೈವರ್ ಮತ್ತು ಅಪ್ಪ ಹಾರೆ ಹಾಕಿದರು. ರಾಡಿಯಲ್ಲಿ ಸೌತೆಬಳ್ಳಿ ಹಾಕಿಕೊಂಡಿದ್ದ ಒಬ್ಬ ರೈತ ದೂರದಿಂದ, “ಹೊನ್ನ ಹುಡಕಾಕ ಬಂದೀರೇನ್ರಿ?” ಎಂದು ಕೂಗಿದ. ನಾನು ಅವನಿಗೂ ನಾಲ್ಕು ಮಾತು ತಿಳಿಸಿ ಹೇಳೋಣವೆಂದು ಹೊರಟಿದ್ದೆ, ಅಷ್ಟರಲ್ಲಿ ಹಾರೆ ಕಲ್ಲಿಗೆ ಬಡಿಯಿತು.

ಒಳ್ಳು ಸಿಕ್ಕಿತ್ತು. ಸುತ್ತ ಮಣ್ಣು ಬಿಡಿಸಿದಾಗ ಅದರ ಹೊಟ್ಟೆಯ ಮೇಲೆ ಮೀನಿನ ಆಕಾರದ ಒಂದು ಗೀರು ಕಂಡಿತು. ನನಗೆ ಮೈ ಝುಂ ಎಂದಿತು. ಅಮೆರಿಕದ ವಾಯವ್ಯ ಕರಾವಳಿಯ ಜನ ಕಂಬದ ಮೇಲೆ ತಮ್ಮ ಕುಲದ ಪ್ರಾಣಿಯನ್ನು ಕೆತ್ತಿಕೊಳ್ಳುತ್ತಾರೆ, ಅದಕ್ಕೆ ಟೋಟೆಮ್ ಎನ್ನುತ್ತಾರೆ ಎಂದು ಅದೇ ವರ್ಷ ಕಲಿತಿದ್ದೆ. ಆಯಿಯ ತವರಿನವರು ಹೊಳೆಯ ದಂಡೆಯವರು, ಹೊಳೆಯಲ್ಲಿ ಮೀನು ಇರುತ್ತದೆ, ಇನ್ನೇನು ಬೇಕು ಪುರಾವೆ? ತಲೆತಲಾಂತರದಿಂದ ಲಿಂಗ ಕಟ್ಟಿಕೊಂಡು, ಮೀನಿನ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಮನೆತನಕ್ಕೆ ಆ ರಾಡಿಯಲ್ಲಿ ನಿಂತು ಮೀನನ್ನು ಕುಲದೈವ ಮಾಡಿಬಿಟ್ಟೆ. ಅಪ್ಪ ಬೆವರು ಒರೆಸಿಕೊಳ್ಳುತ್ತ, “ಒಂದು ಕಡೆ ಹಿಡಿಯವಾ, ಆಮ್ಯಾಲೆ ಮಾತಾಡು,” ಎಂದ.

ಕಲ್ಲು ಮೇಲೆ ಬಂದಾಗ ಆಯಿ ಅದರ ಬಾಯೊಳಗೆ ಎರಡೂ ಕೈ ಇಟ್ಟು ಕೂತಳು. ಒಳಗೆ ತುಂಬಿದ್ದ ಕೆಸರನ್ನು ಬೆರಳಿನಿಂದ ಬಳಿದು ಬಳಿದು ತೆಗೆದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಖಬರಿಲ್ಲ. ನಾನು ಬಯಸಿದ್ದ ಚಿತ್ರ ಅದೇ. ಆದರೆ ಎದುರಿಗೆ ಬಂದಾಗ ನನಗೆ ನೋಡಲಾಗಲಿಲ್ಲ, ಬೇರೆ ಕಡೆ ತಿರುಗಿ ನಿಂತೆ. ಆ ಕಡೆ ಅಪ್ಪ ಬಚ್ಚಲ ಚಪ್ಪಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು, ಯಾರೂ ನೋಡುತ್ತಿಲ್ಲ ಎಂದುಕೊಂಡು, ಒಂದು ಹಿಡಿ ಮಣ್ಣನ್ನು ಟವೆಲಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ.

ಒಳ್ಳನ್ನು ಮನೆಗೆ ತಂದು ಪಡಸಾಲೆಯ ಮೂಲೆಯಲ್ಲಿ ಹುಗಿದು ಕೂಡಿಸಿದೆವು. ಅಪ್ಪನ ಮಣ್ಣು ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ದೇವರ ಜಗಲಿಯ ಮೇಲೆ ಕೂತಿತು. ಅವನು ದಿನಾ ಸ್ನಾನ ಮಾಡಿ ಅದಕ್ಕೂ ಎರಡು ಹೂವು ಏರಿಸುತ್ತಿದ್ದ. ಆಯಿ ಖಾರ, ಚಟ್ನಿ, ಶೇಂಗಾ ಎಲ್ಲ ಒಳ್ಳಿನಲ್ಲೇ ಕುಟ್ಟುತ್ತಿದ್ದಳು. ಕುಟ್ಟುವಾಗ ಹಾಡು ಗುನುಗುತ್ತಿದ್ದಳು. ನೋಡಲು ಬಂದವರಿಗೆ ನಾನು ಒಳ್ಳು ತಂದ ಕತೆ ಹೇಳುತ್ತಿದ್ದೆ. ಬಸ್ಸಿನಲ್ಲಿ ಹೇಳಿದೆ, ಕಾಲೇಜಿನಲ್ಲಿ ಹೇಳಿದೆ, ನವಲಗುಂದದ ಸಂತೆಯಲ್ಲಿ ಬಳೆಗಾರ್ತಿಗೂ ಹೇಳಿದೆ. ಅವಳು ಕೈಗೆ ಬಳೆ ಏರಿಸುತ್ತಲೇ ಕೇಳಿಸಿಕೊಂಡಳು.

ಶ್ರಾವಣ ಬಂತು. ಪಂಚಮಿ ಹತ್ತಿರವಾಯಿತು. ಓಣಿಯಲ್ಲಿ ಟ್ರಂಕುಗಳು ಹೊರಬಿದ್ದವು. ಆ ವರ್ಷ ಆಯಿ ಒಂದು ಕೌದಿಯನ್ನೂ ಮುಟ್ಟಲಿಲ್ಲ. ಎಳ್ಳು ಹುರಿದುಕೊಂಡು, ಬೆಲ್ಲ ಕೆರೆದು ಇಟ್ಟುಕೊಂಡು, ಒಳ್ಳಿನ ಮುಂದೆ ಕೂತಳು. ನನ್ನ ಎದೆ ಉಬ್ಬಿತು. ಜಗತ್ತಿನಲ್ಲಿ ಯಾವ ವಿದ್ವಾಂಸರೂ ಮಾಡಲಾಗದ್ದನ್ನು ಬಿ.ಎ. ಎರಡನೇ ವರ್ಷದ ಹುಡುಗಿ ಮಾಡಿದಳಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅದೇ ಹೊತ್ತಿಗೆ ಒಬ್ಬಳು ಬಂದಳು. ಎತ್ತರದ, ಒಣಗಿದ ಮುದುಕಿ, ಕಂಕುಳಲ್ಲಿ ಚೀಲ, ಕಾಲಲ್ಲಿ ಬಸ್ಸಿನ ಧೂಳು. ಬಾಗಿಲಲ್ಲಿ ನಿಂತು ಯಾರನ್ನೂ ಮಾತಾಡಿಸದೆ ಒಳ್ಳನ್ನೇ ನೋಡಿದಳು. ಆಮೇಲೆ ಸೀದಾ ಒಳಗೆ ಬಂದು, ಬಗ್ಗಿ, ಅದರ ಅಂಚಿನ ಸುತ್ತ ಕೈಯಾಡಿಸಿ, “ಇದು ನಮ್ಮ ಒಳ್ಳು,” ಎಂದಳು.

ಆಯಿ ಒನಕೆ ಕೆಳಗಿಡಲಿಲ್ಲ. “ಯಾರ್ರೀ ನೀವು?”

“ಗುರ್ತ ಸಿಗಲಿಲ್ಲೇನು? ನಿಮ್ಮೂರ ಸೊಸಿ. ನೀ ಪಂಚಮಿಗೆ ಬಂದಾಗೊಮ್ಮೆ ಜೋಕಾಲಿ ಮ್ಯಾಲೆ ನನ್ನ ಜೋಡಿ ಜಗಳ ತಗೀತಿದ್ದಿ.”

ಆಯಿಯ ಬಾಯಿ ತೆರೆದು ಹಾಗೇ ಉಳಿಯಿತು. ಗುರುತು ಸಿಕ್ಕಿತ್ತು. ಆದರೆ ಗುರುತು ಸಿಕ್ಕ ಖುಷಿಗಿಂತ ಕಲ್ಲಿನ ಭಯ ದೊಡ್ಡದಿತ್ತು. “ಅತ್ತಿಗಿ, ಇದು ನಮ್ಮವ್ವಂದು,” ಎಂದಳು. “ಒಳ್ಳು ಎಲ್ಲಾ ಒಂದ ನಮೂನಿ ಇರ್ತಾವು. ನೀ ಹೆಂಗ ನಿಮ್ಮದಂತಿ?”

“ಇದರಾಗ ಕುಟ್ಟಿ ಕುಟ್ಟಿ ನನ್ನ ರೆಟ್ಟಿ ಹೋಗ್ಯಾವು, ನನಗ ಗೊತ್ತಾಗಂಗಿಲ್ಲೇನು? ಇದರ ಹೊಟ್ಟಿ ಮ್ಯಾಲೆ ಮೀನಿನಂಗ ಒಂದು ಗೀರೈತಿ. ಕಲ್ಲ ಕಡಿಯಾಂವ ಒಂದ ಬಂಡ್ಯಾಗ ಐದಾರು ಮನಿ ಒಳ್ಳು ತಂದಾಗ, ಅದಲಿಬದಲಿ ಆಗಬಾರದಂತ ನಮ್ಮ ಮಾವ ಉಳಿಲೆ ಗೀರಿಸಿದ್ದು. ಇಲ್ಲಂದ್ರ ಅಗದು ನೋಡ್ರಿ.”

ಒಳ್ಳು ಕೊರಳತನಕ ನೆಲದಲ್ಲಿತ್ತು. ಗೀರು ಯಾರಿಗೂ ಕಾಣುವ ಹಾಗಿರಲಿಲ್ಲ. ಅಪ್ಪ ಹೊಲಕ್ಕೆ ಹೋಗಿದ್ದ, ಅವ್ವ ಆ ಗೀರನ್ನು ಗಮನಿಸಿರಲೇ ಇಲ್ಲ. ಆಯಿ ನನ್ನ ಕಡೆ ನೋಡಿದಳು. ಏನೂ ಹೇಳಬೇಡ ಎಂದು ಆ ನೋಟ ಬೇಡುತ್ತಿತ್ತು, ಅಷ್ಟು ನನಗೂ ಅರ್ಥವಾಯಿತು. ನಾನು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಸಾಕಿತ್ತು. ಆದರೆ ಜ್ಞಾನ ಎನ್ನುವುದು ನನ್ನಲ್ಲಿ ನಿಲ್ಲುವ ವಸ್ತುವಲ್ಲ. “ಮೀನು ಐತಿ! ಆದ್ರ ಅದು ಗೀರಲ್ರಿ, ಅದು ಟೋಟೆಮ್!” ಎಂದು ಕೂಗಿಯೇಬಿಟ್ಟೆ.

“ನಿನಗ ಏನೂ ತಿಳಿವಲ್ದು,” ಎಂದಳು ಬಂದಾಕೆ ನನಗೆ, ಸಿಟ್ಟಿಲ್ಲದೆ. “ನಿಮ್ಮ ಆಯಿ ಮನಿ ಎಲ್ಲಿ ಅಂದಿದ್ಲು?”

“ಹನುಮಪ್ಪನ ಗುಡಿ ದಾಟಿ ಎಡಕ್ಕ.”

“ಯಾ ಕಡಿಂದ ಬಂದ್ರ?”

ಅದನ್ನು ನಾನು ಕೇಳಿಯೇ ಇರಲಿಲ್ಲ. ಊರ ಹೆಂಗಸರಿಗೆ ಊರು ಶುರುವಾಗುವುದು ಹೊಳೆಯಿಂದ. ಕೊಡ ಹೊತ್ತು ಹೊಳೆಯ ಕಡೆಯಿಂದ ಬಂದರೆ ಗುಡಿ ದಾಟಿ ಎಡಕ್ಕೆ. ನಾನು ಹೊಲದ ಕಡೆಯಿಂದ, ಟ್ರ್ಯಾಕ್ಟರ್ ಇಳಿದು ಗಂಡಸರ ಹಾಗೆ ಬಂದಿದ್ದೆ. ಗುಡಿ ಅದೇ, ಎಡ ಬೇರೆ, ಓಣಿಯೇ ಬೇರೆ. ಮನೆಯ ಬಾಗಿಲು ಮೂಡಲಕ್ಕಿತ್ತು ಎಂದು ಆಯಿ ಹೇಳಿದ್ದು ಸರಿಯಾಗಿಯೇ ಇತ್ತು.

“ಹಂಗಾದ್ರ ಆ ಚಪ್ಪಡಿ ಹಾಕಿದ ಬಚ್ಚಲಾ?” ಎಂದು ಅವ್ವ ನಿಂತಲ್ಲಿಂದಲೇ ಕೇಳಿದಳು. ಅವಳ ಕಣ್ಣು ಜಗಲಿಯ ಮೇಲಿನ ಬಟ್ಟಲ ಕಡೆ ಹೋಗಿತ್ತು.

“ಅದು ಬಚ್ಚಲಲ್ಲ ಬಿಡ್ರಿ. ಆ ಚಪ್ಪಡಿ ಬಾಜೂಕ ನಮ್ಮ ಎಮ್ಮಿ ಕಟ್ಟತಿದ್ವಿ.”

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಬೇರೆ ದಿನವಾಗಿದ್ದರೆ ನಾನೂ ಬಿದ್ದುಬಿದ್ದು ನಗುತ್ತಿದ್ದೆ. ಆದರೆ ಆಯಿ ಒನಕೆಯನ್ನು ಗೋಡೆಗೆ ಆನಿಸಿ ಇಟ್ಟಿದ್ದಳು. ಒಳ್ಳಿನಲ್ಲಿದ್ದ ಎಳ್ಳನ್ನು ಚೂರೂ ಬಿಡದೆ ಬಳಿದು ತಾಟಿಗೆ ಹಾಕಿದಳು. ಬಟ್ಟೆ ತಂದು ಕಲ್ಲಿನ ಒಳಗೂ ಅಂಚಿಗೂ ಒರೆಸಿದಳು. “ತಗೊಂಡ ಹೋಗ ಅತ್ತಿಗಿ,” ಎಂದಳು. “ನಂದಲ್ಲದ್ದು ನನಗ್ಯಾಕ. ಅಣ್ಣ ಹೋದ, ಮನಿ ಹೋತು, ಒಂದ ಕಲ್ಲು ಉಳದಿತ್ತಂತ ತಿಳಕೊಂಡಿದ್ನಿ.” ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಬಂದಾಕೆ ಚೀಲ ಕೆಳಗಿಟ್ಟು ಒಳ್ಳಿನ ಪಕ್ಕದಲ್ಲಿ ಕೂತಳು. “ಎಲ್ಲಿಗೆ ಒಯ್ಯಲಿ?” ಎಂದಳು. “ನವಗ್ರಾಮದಾಗ ನಮ್ಮದು ಸಿಮೆಂಟ್ ನೆಲಾ. ಒಳ್ಳು ಹುಗಿಯಾಕ ಎಲ್ಲೈತಿ ಜಾಗಾ? ಸೊಸಿ ಗಿರಣ್ಯಾಗ ಬೀಸಿಸ್ತಾಳ.”

“ಮತ್ತ ಯಾಕ ಬಂದಿ?”

“ಬಳಿಗಾರ್ತಿ ನಮ್ಮ ಕಡೆನೂ ಬರ್ತಾಳ. ಯಾವಾಕೋ ಒಬ್ಬಾಕಿ ಸಾವಕಾರ್ರ ಮಗಳು ನಮ್ಮೂರ ಒಳ್ಳು ಒಯ್ದು ಸಿಕ್ಕಸಿಕ್ಕೋರಿಗೆ ಭಾಷಣ ಮಾಡಾಕ ಹತ್ಯಾಳಂತ ಹೇಳಿದ್ಲು. ಯಾರ ಮೊಮ್ಮಗಳದು ಅಂತ ಕೇಳಿದ್ನಿ. ಕೇಳಿದ ಮ್ಯಾಲೆ ಗೊತ್ತಾತು, ನಮ್ಮೂರ ಹೆಣ್ಣುಮಗಳು ಒಬ್ಬಾಕಿ ಇಲ್ಲೆ ಇನ್ನೂ ಅದಾಳಂತ. ಇಷ್ಟ ವರ್ಷ ನಿನ್ನ ಯಾರೂ ಕರದಿಲ್ಲ ಅಂತನೂ ಗೊತ್ತಾತು.”

ಆಯಿ ಕೈಯಲ್ಲಿದ್ದ ಬಟ್ಟೆಯನ್ನು ಮಡಚತೊಡಗಿದಳು.

“ನಾ ಕಲ್ಲಿಗೆ ಬಂದಾಕಿ ಅಲ್ಲವಾ. ನಿಮ್ಮಣ್ಣ ಇದ್ದಿದ್ರ ಅವನ ಬರತಿದ್ದ. ಊರ ಸೊಸಿ ಅಂದ ಮ್ಯಾಲೆ ನಿನಗ ನಾನೂ ಅತ್ತಿಗಿನ. ಪಂಚಮಿಗೆ ಕರಿಯಾಕ ಬಂದೇನಿ. ಸೀರಿ ಉಡು, ನಡಿ.”

ಆಯಿ ಆಗ ಅತ್ತ ಹಾಗೆ ಡ್ಯಾಮಿನ ರಾಡಿಯಲ್ಲೂ ಅತ್ತಿರಲಿಲ್ಲ. ಸೆರಗು ಮುಖಕ್ಕೆ ಒತ್ತಿಕೊಂಡು, ಸಣ್ಣ ಹುಡುಗಿಯರು ಅಳುವ ಹಾಗೆ ಭುಜ ಕುಣಿಸುತ್ತ ಅತ್ತಳು. ಅತ್ತಿಗೆ ಅವಳ ಬೆನ್ನು ಸವರುತ್ತ, “ಸಾಕ ಬಿಡಬೇ, ಬಸ್ಸ ತಪ್ಪತೈತಿ,” ಎನ್ನುತ್ತಿದ್ದಳು. ನಾನೂ ಅತ್ತೆ. ಈ ಸಲ ಯಾವ ಜನಾಂಗಕ್ಕಾಗಿಯೂ ಅಲ್ಲ.

ಆಮೇಲೆ ಆಯಿ ಹೊರಟ ಗಡಿಬಿಡಿ ಹೇಳತೀರದು. ಟ್ರಂಕಿಗೆ ಹೊತ್ತಿಲ್ಲವೆಂದು ಗಂಟು ಕಟ್ಟಿದಳು. ಅರ್ಧ ಕುಟ್ಟಿದ ಎಳ್ಳನ್ನೇ ಬೆಲ್ಲ ಸೇರಿಸಿ ಉಂಡೆ ಕಟ್ಟಿ ಡಬ್ಬಿ ತುಂಬಿದಳು. ತವರಿಗೆ ಬರಿಗೈಯಲ್ಲಿ ಹೋಗುತ್ತಾರೇನು ಎಂದು ಅವ್ವನಿಗೆ ಬೈದಳು. ಹೊಲದಿಂದ ಬಂದ ಅಪ್ಪನಿಗೆ ಜಗಲಿಯ ಮಣ್ಣಿನ ಸಂಗತಿ ಹೇಳಲು ಯಾರಿಗೂ ಪುರಸೊತ್ತಾಗಲಿಲ್ಲ. ಅವನು ಇಬ್ಬರು ಮುದುಕಿಯರಿಗೂ ಕಾಲು ಮುಟ್ಟಿ ನಮಸ್ಕಾರ ಮಾಡಿ, ಗಂಟು ಎತ್ತಿಕೊಂಡು ಮುಂದೆ ನಡೆದ.

ಬಸ್ಸು ಬಂದಾಗ ಆಯಿ ಎಲ್ಲರಿಗಿಂತ ಮೊದಲು ಹತ್ತಿ ಕಿಟಕಿ ಹಿಡಿದಳು. ಅವಳ ಬಾಜು ಅತ್ತಿಗೆ. ನಾನು ಕೆಳಗೆ ನಿಂತು ಏನಾದರೂ ಹೇಳಬೇಕೆಂದು ನೋಡುತ್ತಿದ್ದೆ. ನನ್ನನ್ನು ದಿನಾ ನೋಡುವ ಅದೇ ಕಂಡಕ್ಟರ್ ಟಿಕೀಟಿನ ಪೆಟ್ಟಿಗೆ ತೆರೆದು, “ಎಲ್ಲಿಗ್ರೀ ಆಯಿ?” ಎಂದ.

“ತವರಮನಿಗೆ,” ಎಂದಳು ಆಯಿ.

“ಊರ ಯಾವದ್ರೀ?”

ಆಯಿ ಗಂಟನ್ನು ತೊಡೆಯ ಮೇಲೆ ಎಳೆದುಕೊಂಡು, ಅತ್ತಿಗೆಯ ಕಡೆ ಗದ್ದ ತೋರಿಸಿ, “ನನಗ ಗೊತ್ತಿಲ್ಲಪಾ. ಕರಿಯಾಕ ಬಂದಾಕಿ ಈಕಿ, ಈಕೀನ್ನ ಕೇಳು,” ಎಂದಳು.

ಕಂಡಕ್ಟರ್ ಎರಡು ಟಿಕೀಟು ಹರಿದ. ಬಸ್ಸು ಹೊರಟಿತು. ನಮ್ಮ ಕಡೆ ತಿರುಗಿ ನೋಡುವುದು ಆಯಿಗೆ ನೆನಪಾಗಲಿಲ್ಲ.